ಬಲಗೆನ್ನೆಗೆ ಮಾತ್ರ

ಚಿನ್ನದ ಗಣಿಗೆ ಬೀಗ ಬಿದ್ದ ಮೇಲೆ ಕೆಜಿಎಫ್‌ಗೆ ಅಷ್ಟು ದೊಡ್ಡ ಆಘಾತ ಇನ್ನೊಂದು ಆಗಲಾರದು ಎಂದು ಊರಿನ ಹಿರಿಯರು ನಂಬಿದ್ದರು. ಸಂಕ್ರಾಂತಿ ಕಳೆದ ಮೊದಲ ಮಂಗಳವಾರ, ಬೆಳಿಗ್ಗೆ ಹತ್ತೂವರೆಗೆ, ಆಂಡರ್ಸನ್‌ಪೇಟೆ ಪೊಲೀಸ್ ಠಾಣೆಯಲ್ಲಿ ಆ ನಂಬಿಕೆ ಸುಳ್ಳಾಯಿತು. ಸದರಿ ಪೇಟೆಯ ವಾಸಿ, ಬೆಂಗಳೂರಿನ ಖಾಸಗಿ ಕಂಪನಿಯೊಂದರ ಉದ್ಯೋಗಿ, ಐವತ್ತಾರು ವರ್ಷದ ಶ್ರೀಮತಿ ಆದಿಲಕ್ಷ್ಮಮ್ಮ ಅವರ ಬಲಗೆನ್ನೆ ಬಿಗಿಯಾಗಿತ್ತು, ಎಡಗೆನ್ನೆ ಬಿಗಿಯಾಗಿರಲಿಲ್ಲ. ಒಂದೇ ಮುಖದ ಎರಡು ಕೆನ್ನೆಗಳ ನಡುವೆ ತಲೆದೋರಿರುವ ಈ ತಾರತಮ್ಯಕ್ಕೆ ಕಾರಣರಾದವರನ್ನು ಹಿಡಿದು ತರಬೇಕು, ಅದೂ ಭಾನುವಾರದೊಳಗೆ, ಎಂಬುದು ದೂರು.

ಇನ್‌ಸ್ಪೆಕ್ಟರ್ ಶ್ರೀನಿವಾಸಪ್ಪ ಪೆನ್ನಿನ ಮುಚ್ಚಳ ತೆಗೆದರು.

“ಏನಾಗಿದೆಯಮ್ಮ?”

“ನೋಡಿದ್ರೆ ಕಾಣಲ್ವಾ ಸಾರ್?”

ಇಲಾಖೆಯಲ್ಲಿ ಇಷ್ಟು ವರ್ಷ ಸವೆಸಿದ ಶ್ರೀನಿವಾಸಪ್ಪನವರಿಗೆ ಅಪಾಯದ ವಾಸನೆ ಬೇಗ ಬಡಿಯುತ್ತಿತ್ತು. ಹೆಂಗಸೊಬ್ಬರು ತಮ್ಮ ಮುಖವನ್ನೇ ಮುಂದೆ ಚಾಚಿ ‘ಕಾಣಲ್ವಾ’ ಎಂದು ಕೇಳಿದಾಗ, ಕಾಣುತ್ತದೆ ಎಂದರೂ ಕೆಟ್ಟರು, ಕಾಣುವುದಿಲ್ಲ ಎಂದರೂ ಕೆಟ್ಟರು. ಅವರು ಕಾನೂನಿನ ಮೊರೆ ಹೊಕ್ಕರು. “ವನಿತಾ!” ಎಂದು ಕೂಗಿದರು.

ಹೆಡ್ ಕಾನ್‌ಸ್ಟೇಬಲ್ ವನಿತಾ ಬಂದು, ಆದಿಲಕ್ಷ್ಮಮ್ಮನ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ, ಆ ಕಡೆ ಈ ಕಡೆ ನೋಡಿದಳು.

“ಆಮಾ ಸಾರ್,” ಎಂದಳು. “ರೈಟ್ ಸೈಡು ನಲವತ್ತೈದು. ಲೆಫ್ಟ್ ಸೈಡು…”

“ಸಾಕು,” ಎಂದರು ಶ್ರೀನಿವಾಸಪ್ಪ.

ಕತೆ ಇಷ್ಟು. ತಿಂಗಳ ಹಿಂದೆ ಆದಿಲಕ್ಷ್ಮಮ್ಮನ ಫೋನಿಗೆ ‘ಡಾಕ್ಟರ್ ರೋಸಿ’ ಎಂಬವರಿಂದ ವಾಟ್ಸಾಪ್ ಬಂತು. ವಯಸ್ಸಾದ ಚರ್ಮಕ್ಕೆ ಮತ್ತೆ ಬಿಗಿ ಕೊಡುವ ಹೊಸ ಕ್ರೀಮ್. ಆಯ್ದ ಕೆಲವರಿಗೆ ಮಾತ್ರ. ನೋಂದಣಿಗೆ ಇಷ್ಟು ಕಳಿಸಿ. ಕಳಿಸಿದ್ದಾಯಿತು. ಅಂಚೆಯಲ್ಲಿ ಒಂದು ಪುಟ್ಟ ಡಬ್ಬಿ ಬಂತು. ಮೇಲೆ ಅಂಟಿಸಿದ್ದ ಚೀಟಿಯಲ್ಲಿ ‘ಮೊದಲ ಹಂತ: ಬಲಗೆನ್ನೆಗೆ ಮಾತ್ರ’ ಎಂದು ಅಚ್ಚಾಗಿತ್ತು. ವ್ಯತ್ಯಾಸ ಕಣ್ಣಿಗೆ ಕಂಡ ಮೇಲೆ ಎರಡನೇ ಕೆನ್ನೆಯ ಡಬ್ಬಿ ಬರುತ್ತದೆ. ಇದು ವಿಜ್ಞಾನದ ಕ್ರಮ ಎಂದು ಡಾಕ್ಟರ್ ರೋಸಿ ಬರೆದಿದ್ದರು. ವ್ಯತ್ಯಾಸ ಕಣ್ಣಿಗೆ ಕಂಡಿತು. ಎರಡನೇ ಡಬ್ಬಿ ಮಾತ್ರ ಬರಲಿಲ್ಲ.

“ಭಾನುವಾರ ನನ್ನ ಮಗಳು ಅಕ್ಷರಾದು ನಿಶ್ಚಿತಾರ್ಥ ಸಾರ್, ಬಂಗಾರಪೇಟೆ ಛತ್ರದಲ್ಲಿ. ಅರ್ಧ ಮುಖ ಇಟ್ಕೊಂಡು ಬೀಗರ ಮುಂದೆ ಎಂಗೆ ನಿಂತ್ಕೊಳ್ಳಲಿ? ನಾನು ಬರಲ್ಲ, ನೀವೇ ತಟ್ಟೆ ಬದಲಾಯಿಸ್ಕೊಳ್ಳಿ ಅಂತ ನಮ್ಮನೆಯವರಿಗೆ ಏಳ್ಬಿಟ್ಟೀನಿ.”

“ಯಜಮಾನರು ಏನಂದರು?”

“ಅವರಿಗೆ ಎರಡು ಕೆನ್ನೆ ಇರೋದೇ ಗೊತ್ತಿಲ್ಲ.”

ಇದನ್ನು ಒಂದು ಅರ್ಜಿ ಎಂದು ತೆಗೆದುಕೊಂಡು, ಒಂದು ನಂಬರು ಕೊಟ್ಟು, ಮೆಲ್ಲಗೆ ಸಾಯಲು ಬಿಡುವುದು ಶ್ರೀನಿವಾಸಪ್ಪನವರ ಆಲೋಚನೆಯಾಗಿತ್ತು. ಕೆಡಿಸಿದವನು ಕಾನ್‌ಸ್ಟೇಬಲ್ ಕೆಂಪಣ್ಣ. ಡಬ್ಬಿಯ ಚೀಟಿಯಲ್ಲಿದ್ದ ಪದಾರ್ಥಗಳನ್ನೆಲ್ಲ ಅವನು ಶ್ರದ್ಧೆಯಿಂದ ನಕಲು ಮಾಡಿಕೊಂಡಿದ್ದ: ಪೆಪ್ಟೈಡ್, ಕೊಲಾಜೆನ್, ರೆಟಿನಾಲ್, ಹಯಲುರಾನಿಕ್ ಆಸಿಡ್. ಕೊನೆಯ ಪದ ಬರೆದವನೇ ಅವನು ಪೆನ್ನು ಕೆಳಗಿಟ್ಟು ಎದ್ದುನಿಂತ. ಇನ್‌ಸ್ಪೆಕ್ಟರು ಚಹಾಕ್ಕೆ ಎದ್ದುಹೋದ ಹೊತ್ತಿನಲ್ಲಿ, ಹೆಣ್ಣುಮಗಳ ಮುಖಕ್ಕೆ ಆಸಿಡ್ ಬಿದ್ದಿದೆ ಎಂದು ಕಂಟ್ರೋಲ್ ರೂಮಿಗೆ ತಿಳಿಸಿಬಿಟ್ಟ.

ಚಹಾದ ಲೋಟ ಖಾಲಿಯಾಗುವ ಮೊದಲೇ ಡಿವೈಎಸ್ಪಿ ಸಾಹೇಬರ ಫೋನು ಬಂತು. ಬಾಗಿಲಲ್ಲಿ ಆಂಬ್ಯುಲೆನ್ಸ್ ಬಂದು ನಿಂತಿತು. ಅದರ ಹಿಂದೆ ಮೈಕು ಹಿಡಿದ ಯೂಟ್ಯೂಬ್ ಚಾನೆಲ್ಲಿನವನೊಬ್ಬ ಬಂದು, ಬೆಂಚಿನ ಮೇಲೆ ಚಕ್ಕುಲಿ ತಿನ್ನುತ್ತ ಕೂತಿದ್ದ ಆದಿಲಕ್ಷ್ಮಮ್ಮನನ್ನೇ, “ಅಮ್ಮಾ, ಆಸಿಡ್ ಬಿದ್ದವರು ಎಲ್ಲಿದ್ದಾರೆ?” ಎಂದು ಕೇಳಿದ.

“ಕೆಂಪಣ್ಣ, ಅದು ಸುಡೋ ಆಸಿಡ್ ಅಲ್ಲ ಕಣಯ್ಯ,” ಎಂದರು ಶ್ರೀನಿವಾಸಪ್ಪ.

“ಆಸಿಡ್ ಅಂದ್ರೆ ಆಸಿಡ್ಡೇ ಅಲ್ವಾ ಸಾರ್? ಸೆಕ್ಷನ್‌ನಲ್ಲಿ ಇಂಥಾ ಆಸಿಡ್ ಅಂತ ಎಲ್ಲಿ ಬರ್ದವ್ರೆ?”

ಒಮ್ಮೆ ಮೇಲಕ್ಕೆ ಹೋದ ಸುದ್ದಿಯನ್ನು ಬರಿಗೈಯಲ್ಲಿ ಕೆಳಗಿಳಿಸಲು ಬರುವುದಿಲ್ಲ. ಡಿವೈಎಸ್ಪಿಯವರು ಎಲ್ಲ ಕೇಳಿಕೊಂಡು, “ಎಫ್‌ಐಆರ್ ಮಾಡಿ. ಭಾನುವಾರದೊಳಗೆ ಮುಗಿಸಿ. ನನ್ನ ಹೆಸರು ಎಲ್ಲೂ ಬೇಡ,” ಎಂದರು. ಭಾರತೀಯ ನ್ಯಾಯ ಸಂಹಿತೆಯ ವಂಚನೆಯ ಕಲಮಿನಡಿ ಮಧ್ಯಾಹ್ನ ಹನ್ನೆರಡಕ್ಕೆ ಪ್ರಕರಣ ದಾಖಲಾಯಿತು.

ಎಫ್‌ಐಆರ್ ಆದ ಮೇಲೆ ಸ್ಥಳ ಮಹಜರು ಆಗಬೇಕು. ಸ್ಥಳ ಯಾವುದು ಎಂಬ ಪ್ರಶ್ನೆ ಎದ್ದಿತು. ಶ್ರೀನಿವಾಸಪ್ಪ ಯೋಚಿಸುತ್ತಿದ್ದಂತೆ ಕೆಂಪಣ್ಣ ತನಗೆ ಗೊತ್ತಿದ್ದ ನಮೂನೆಯಲ್ಲಿ ಬರೆದೇ ಮುಗಿಸಿದ್ದ: ‘ಕೃತ್ಯ ನಡೆದ ಸ್ಥಳವು ಪಿರ್ಯಾದುದಾರರ ಬಲಗೆನ್ನೆಯಾಗಿದ್ದು, ಇದರ ಚೆಕ್ಕುಬಂದಿ: ಪೂರ್ವಕ್ಕೆ ಕಿವಿ, ಪಶ್ಚಿಮಕ್ಕೆ ಮೂಗು, ಉತ್ತರಕ್ಕೆ ಕಣ್ಣು, ದಕ್ಷಿಣಕ್ಕೆ ದವಡೆ. ಸ್ಥಳವು ಸಮತಟ್ಟಾಗಿದ್ದು ಒಂದು ನರುಲಿ ಇರುತ್ತದೆ.’

ಪಂಚರಾಗಿ ಬಂದಿದ್ದ ಎದುರು ಅಂಗಡಿಯ ಕುಪ್ಪುಸ್ವಾಮಿ ಸಹಿ ಹಾಕುವ ಮುನ್ನ ನರುಲಿ ನಿಜವಾಗಿಯೂ ಇದೆಯೇ ಎಂದು ಬಗ್ಗಿ ನೋಡಿದ. ಆದಿಲಕ್ಷ್ಮಮ್ಮ ಅವನ ಕಡೆ ನೋಡಿದ ನೋಟಕ್ಕೆ ಅವನು ನೋಡದೆಯೇ ಸಹಿ ಹಾಕಿದ.

ಯೂಟ್ಯೂಬ್ ಚಾನೆಲ್ಲಿನವನಿಂದ ಒಂದು ಉಪಕಾರವಾಯಿತು. ‘ಕೆಜಿಎಫ್‌ನಲ್ಲಿ ನಿಗೂಢ ಕ್ರೀಮ್’ ಎಂಬ ಅವನ ವಿಡಿಯೊ ನೋಡಿ ಬುಧವಾರ ಬೆಳಗಾಗುವುದರೊಳಗೆ ಇನ್ನೂ ಮೂವರು ಠಾಣೆಗೆ ಬಂದರು. ನಂದಿದುರ್ಗ ಗಣಿಯ ಕಾರ್ಮಿಕರ ಲೈನಿನ ಅಮ್ಮಾಜಮ್ಮ, ಅದೇ ಲೈನಿನ ಅಂಬಿಕ, ಮಾರಿಕುಪ್ಪಂನ ಒಬ್ಬ ಟೀಚರು. ಮೂವರೂ ಬೆಂಗಳೂರಿಗೆ ಹೋಗಿಬಂದು ಕೆಲಸ ಮಾಡುವವರು, ಮೂವರದ್ದೂ ಅದೇ ಡಬ್ಬಿ, ಅದೇ ಡಾಕ್ಟರ್ ರೋಸಿ. ಒಂದೇ ವ್ಯತ್ಯಾಸ. ಟೀಚರಿಗೆ ಆದಿಲಕ್ಷ್ಮಮ್ಮನ ಹಾಗೆ ಬಲಗೆನ್ನೆಯ ಡಬ್ಬಿ ಬಂದಿತ್ತು. ಅಮ್ಮಾಜಮ್ಮ, ಅಂಬಿಕ ಇಬ್ಬರಿಗೂ ಎಡಗೆನ್ನೆಯ ಡಬ್ಬಿ.

“ಇವರಿಗೆ ಎಡ, ಅವರಿಗೆ ಬಲ. ಯಾಕೆ?” ಎಂದರು ಶ್ರೀನಿವಾಸಪ್ಪ.

“ಅದನ್ನ ನೀವಲ್ಲವಾ ಸಾಮಿ ಕಂಡುಹಿಡೀಬೇಕು,” ಎಂದಳು ಅಮ್ಮಾಜಮ್ಮ. “ನನ್ ವಿಷಯ ಬಿಡಿ, ನನ್ ಗಂಡ ಪೆರುಮಾಳ್ ಈಗ ಲೆಫ್ಟ್ ಸೈಡಲ್ಲೇ ಕೂತ್ಕೊಂಡು ಊಟ ಮಾಡ್ತಾನೆ. ಇಷ್ಟು ವರ್ಷ ಆ ಮನುಷ್ಯ ನನ್ ಮುಖ ನೋಡಿದ್ದೇ ಇಲ್ಲ. ಇನ್ನೊಂದ್ ಸೈಡು ಆದ್ರೆ ಇನ್ನೇನ್ ಮಾಡ್ತಾನೋ, ಅದ್ನೂ ನೋಡ್ಬೇಕು ನಾನು.”

ನಾಲ್ವರಲ್ಲಿ ಒಬ್ಬರಿಗೂ ಡಾಕ್ಟರ್ ರೋಸಿಯನ್ನು ಜೈಲಿಗೆ ಹಾಕಿಸುವ ಆಸೆ ಇರಲಿಲ್ಲ ಎಂಬುದನ್ನು ಶ್ರೀನಿವಾಸಪ್ಪ ಗಮನಿಸಿದರು. ಆಕೆ ಸಿಗಬೇಕು, ಕೆಲಸ ಪೂರ್ತಿ ಮಾಡಬೇಕು, ಆಮೇಲೆ ಬೇಕಾದರೆ ಜೈಲಿಗೆ ಹೋಗಬಹುದು.

ಡಬ್ಬಿಗಳನ್ನು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸಬೇಕಾಗಿತ್ತು. ಕಳಿಸಿದರು. ಆದರೆ ಅಲ್ಲಿಂದ ವರದಿ ಬರುವಷ್ಟರಲ್ಲಿ ಎಂಟೂ ಕೆನ್ನೆಗಳು ವಯೋಧರ್ಮದಿಂದ ಒಂದೇ ಮಟ್ಟಕ್ಕೆ ಬಂದಿರುತ್ತವೆ ಎಂಬುದು ಅವರಿಗೆ ಗೊತ್ತಿತ್ತು. ಒಂದು ಡಬ್ಬಿಯ ತಳದಲ್ಲಿ ಉಳಿದಿದ್ದುದನ್ನು ಕೆಂಪಣ್ಣನ ಕೈಯಲ್ಲಿ ಹಿಡಿಸಿಕೊಂಡು ಪರಿಚಯದ ಚರ್ಮವೈದ್ಯೆಯೊಬ್ಬರ ಬಳಿಗೆ ಹೋದರು. ಡಾಕ್ಟರು ಮಣಿಕಟ್ಟಿಗೆ ಸವರಿಕೊಂಡರು, ಮೂಸಿದರು, ಒಣಗಲು ಬಿಟ್ಟರು.

“ಪಟಿಕ. ಗೋಂದು. ಸ್ವಲ್ಪ ಗ್ಲಿಸರಿನ್, ಸ್ವಲ್ಪ ಪನ್ನೀರು. ಒಣಗಿದ್ರೆ ಚರ್ಮ ಬಿಗಿದು ಹಿಡ್ಕೊಂಡ ಹಾಗಿರುತ್ತೆ. ಮುಖ ತೊಳೆದ್ರೆ ಮುಗೀತು.”

“ಕೊಲಾಜೆನ್ ಇಲ್ವಾ ಮೇಡಂ?” ಕೆಂಪಣ್ಣನಿಗೆ ತನ್ನ ನಕಲಿನ ಬಗ್ಗೆ ಅಭಿಮಾನ. “ಅಂಗಂದ್ರೇನು?”

“ಮೇಕೆ ಕಾಲಿನ ಸೂಪ್ ಆರಿದ ಮೇಲೆ ಗಟ್ಟಿ ಆಗುತ್ತಲ್ಲ? ಅದು.”

“ಥೂ! ಅದ್ನ ಬಿಸಿಬಿಸಿ ಕುಡೀಬೇಕು. ಮಕಕ್ಕೆ ಮೆತ್ಕೊಂತಾರಾ?”

“ಮೆತ್ಕೊಂಡ್ರೂ ಒಳಗೆ ಇಳಿಯೋದಿಲ್ಲ, ಮೇಲೇ ಇರುತ್ತೆ. ಇದರಲ್ಲಿ ನಿಜವಾಗಿ ಕೆಲಸ ಮಾಡೋದು ಅಂದ್ರೆ ರೆಟಿನಾಲ್. ಅದೂ ತಿಂಗಳುಗಟ್ಟಲೆ ಹಚ್ಚಬೇಕು, ಬಿಸಿಲಿಗೆ ಹೋಗಬಾರದು. ಈ ಡಬ್ಬಿಯಲ್ಲಿ ಅದರ ಸುಳಿವೂ ಇರಲಾರದು.”

“ಹಾಗಾದರೆ ಆ ಹೆಂಗಸರಿಗೆ ಒಂದು ಕೆನ್ನೆ ಬಿಗಿಯಾದದ್ದು ಹೇಗೆ?” ಎಂದರು ಶ್ರೀನಿವಾಸಪ್ಪ. “ನಾನೇ ಕಣ್ಣಾರೆ ನೋಡಿದೀನಿ.”

ಡಾಕ್ಟರು ಮಣಿಕಟ್ಟು ತೊಳೆದುಕೊಂಡು ಒರೆಸಿದರು. “ಕ್ರೀಮ್ ಯಾವುದನ್ನೂ ಬಿಗಿ ಮಾಡಿಲ್ಲ ಇನ್‌ಸ್ಪೆಕ್ಟ್ರೇ. ಇನ್ನೊಂದು ಕೆನ್ನೆಯನ್ನ ಬೇರೆ ಯಾವುದೋ ಸಡಿಲ ಮಾಡಿದೆ. ಅದು ಯಾವುದು ಅಂತ ನೋಡಿ.”

ಫೋನಿನ ದಾರಿಯೂ ನಡೆದಿತ್ತು. ಡಾಕ್ಟರ್ ರೋಸಿಯ ಸಿಮ್ಮು ಕುಪ್ಪಂ ಕಡೆಯ ಯಾವನೋ ತೀರಿಹೋದವನ ಹೆಸರಿನಲ್ಲಿತ್ತು. ಟವರ್ ವಿವರ ಬುಧವಾರ ಸಂಜೆ ಬಂತು. ಈ ಫೋನು ರಾತ್ರಿ ಬಂಗಾರಪೇಟೆಯಲ್ಲಿ ಮಲಗುತ್ತದೆ. ಬೆಳಿಗ್ಗೆ ರೈಲು ಹಳಿಯ ಗುಂಟ ಬೆಂಗಳೂರಿಗೆ ಹೋಗುತ್ತದೆ. ಸಂಜೆ ಅದೇ ಹಳಿಯ ಗುಂಟ ವಾಪಸು ಬರುತ್ತದೆ.

“ಸಿಕ್ಕಿದಂಗಾಯ್ತಲ್ಲ!” ಎಂದರು ಶ್ರೀನಿವಾಸಪ್ಪ.

“ಬಂಗಾರಪೇಟೆಯಾಗೆ ಅರ್ಧ ಊರು ಅಂಗೇ ಸಾರ್,” ಎಂದ ಬಂಗಾರಪೇಟೆ ಕಡೆಯ ಹಳ್ಳಿಯವನಾದ ಕೆಂಪಣ್ಣ. “ನಮ್ಮ ಬಾಮೈದನೂ ಅಂಗೇ ಓಗಿ ಅಂಗೇ ಬತ್ತಾನೆ. ಹಿಡಿಯೋದಾದ್ರೆ ಒಂದು ರೈಲೇ ಹಿಡೀಬೇಕು.”

ವನಿತಾ ಅಷ್ಟರಲ್ಲಿ ನಾಲ್ವರ ವಾಟ್ಸಾಪನ್ನೂ ಓದಿ ಮುಗಿಸಿದ್ದಳು. “ಸಾರ್, ಈ ರೋಸಿಯಮ್ಮ ಒಂಥರಾ ವಿಚಿತ್ರ. ಎರಡನೇ ಡಬ್ಬಿ ಎಲ್ಲಿ ಅಂತ ಕೇಳಿದ್ರೆ ರಿಪ್ಲೈಯೇ ಇಲ್ಲ. ದುಡ್ಡು ಇನ್ನೂ ಕೊಡ್ತೀವಿ ಅಂದ್ರೂ ಇಲ್ಲ. ಆದ್ರೆ ಬಿಸಿಲು ಅಂತ ಒಂದು ಮಾತು ಬಂದ್ರೆ ಸಾಕು, ತಕ್ಷಣ ರಿಪ್ಲೈ. ‘ಬಿಸಿಲು ತಾಗಬಾರದು.’ ‘ಕಿಟಕಿ ಬಿಸಿಲು ವಿಷ.’ ‘ಕಿಟಕಿ ಪಕ್ಕ ಕೂತರೆ ಕೆನ್ನೆಯ ಆಸೆ ಬಿಡಿ.’ ಇದೇ ಪಾಟು, ಇದೇ ಹಾಡು.”

ಹೆಚ್ಚು ದುಡ್ಡು ಕೊಡುತ್ತೇವೆಂದರೂ ಬಾಯಿ ಬಿಡದ ಮೋಸಗಾರಳನ್ನು ಶ್ರೀನಿವಾಸಪ್ಪ ತಮ್ಮ ಸೇವೆಯಲ್ಲಿ ಕಂಡಿರಲಿಲ್ಲ. ಅವರಿಗೆ ಕಸಿವಿಸಿಯಾಯಿತು. ಗುರುವಾರ ಬೆಳಿಗ್ಗೆ ನಾಲ್ವರನ್ನೂ ಮರುವಿಚಾರಣೆಗೆ ಕರೆಸಿದರು.

ಠಾಣೆಯ ಹಿಂದಿನ ಕೋಣೆಯಲ್ಲಿ ಕಿಟಕಿಯ ಪಕ್ಕ ಎರಡು ಬೆಂಚುಗಳು ಎದುರುಬದುರಾಗಿದ್ದವು. ಶ್ರೀನಿವಾಸಪ್ಪ ಬರುವ ಹೊತ್ತಿಗೆ ಹೆಂಗಸರು ಬಂದು ಕೂತು, ಆಫೀಸಿಗೆ ರಜೆ ಹಾಕಿದ ಸಂಕಟಕ್ಕೆ ಹುರಿಗಾಳು ಹಂಚಿಕೊಂಡು ಮಾತಿಗೆ ತೊಡಗಿದ್ದರು. ಅವರು ಬಾಗಿಲಲ್ಲಿ ನಿಂತರು. ಎದುರಿಗೆ ನಾಲ್ಕು ಮುಖಗಳ ಪಕ್ಕನೋಟ. ನಾಲ್ಕೂ ಬಿಗಿ ಕೆನ್ನೆಗಳು.

ಅವರು ಬೆಂಚುಗಳನ್ನು ಸುತ್ತುಹಾಕಿಕೊಂಡು ಹೋಗಿ ಕಿಟಕಿಗೆ ಬೆನ್ನು ಮಾಡಿ ನಿಂತರು. ನಾಲ್ಕೂ ಜೋತುಬಿದ್ದ ಕೆನ್ನೆಗಳು.

ಆದಿಲಕ್ಷ್ಮಮ್ಮ ಮತ್ತು ಟೀಚರು ಒಂದು ಬೆಂಚಿನಲ್ಲಿ. ಅವರ ಎಡಗೆನ್ನೆ ಕಿಟಕಿಗೆ. ಅಮ್ಮಾಜಮ್ಮ ಮತ್ತು ಅಂಬಿಕ ಎದುರು ಬೆಂಚಿನಲ್ಲಿ. ಅವರ ಬಲಗೆನ್ನೆ ಕಿಟಕಿಗೆ.

“ನೀವು ಇಲ್ಲಿ ಹೀಗೆ ಕೂತಿದ್ದೀರಲ್ಲ,” ಎಂದರು ಮೆಲ್ಲಗೆ, ಹಕ್ಕಿ ಹಾರಿಹೋದೀತು ಎಂಬಂತೆ. “ಯಾರಾದರೂ ಹೇಳಿ ಕೂರಿಸಿದರಾ?”

“ಯಾರು ಕೂರಿಸ್ತಾರೆ? ಟ್ರೈನಲ್ಲಿ ಕೂತ್ಕೊಳ್ಳೋದೇ ಇಂಗೆ,” ಎಂದರು ಆದಿಲಕ್ಷ್ಮಮ್ಮ. “ನಾನು, ಟೀಚರು ಬೆಂಗಳೂರು ಕಡೆ ಮುಖ. ಇವರಿಬ್ಬರೂ ನಮ್ಮ ಕಡೆ ಮುಖ. ಅಕ್ಕಪಕ್ಕದ ನಾಲ್ಕು ಕಿಟಕಿ ನಮ್ದೇ. ಮಾರಿಕುಪ್ಪಂನಲ್ಲಿ ಗಾಡಿ ಹೊರಡೋದು ಅಲ್ವಾ? ಟೀಚರು ಅಲ್ಲೇ ಹತ್ತಿ ನಾಲ್ಕಕ್ಕೂ ಕರ್ಚೀಫ್ ಹಾಕ್ಬಿಡ್ತಾರೆ. ಎಷ್ಟೋ ವರ್ಷದಿಂದ ಅದೇ ಲೇಡೀಸ್ ಡಬ್ಬಿ, ಅದೇ ಸೀಟು.”

“ಸಂಜೆ ಬರುವಾಗ?”

“ಸಂಜೆನೂ ಅದೇ. ಎಂಜಿನ್ ಆ ತುದಿಗೆ ಓಗ್ತದೆ, ಡಬ್ಬಿ ಏನು ತಿರುಗ್ತದಾ? ಅದೇ ಸೀಟು, ಅದೇ ಕಿಟಕಿ. ನಾವು ಹಿಂದಕ್ಕೆ ಮುಖ ಮಾಡಿ ಬರ್ತೀವಿ.”

“ಬಿಸಿಲು ಹೊಡೆಯಲ್ವಾ?”

“ದಕ್ಷಿಣದ ಕಿಟಕಿ ಸಾರ್. ಹೊಡೀದೆ ಏನು? ಗಾಳಿ ಚೆನ್ನಾಗಿ ಬರ್ತದೆ.”

ಶ್ರೀನಿವಾಸಪ್ಪ ಕುರ್ಚಿ ಎಳೆದುಕೊಂಡು ಕೂತರು. ಬೆಳಿಗ್ಗೆ ಒಂದೇ ಕೆನ್ನೆ, ಸಂ‌ಜೆ ಅದೇ ಕೆನ್ನೆ, ವರ್ಷಗಟ್ಟಲೆ ಕಿಟಕಿಯ ಬಿಸಿಲಿನಲ್ಲಿ ಬೆಂದಿದೆ. ಇನ್ನೊಂದು ನೆರಳಿನಲ್ಲಿ ಸುಖವಾಗಿದೆ. ಡಾಕ್ಟರ್ ರೋಸಿ ಮೊದಲೇ ಬಿಗಿಯಾಗಿದ್ದ ಕೆನ್ನೆಗೆ ಗೋಂದು ಹಚ್ಚಿಸಿದ್ದಾಳೆ. ಅದುವರೆಗೆ ತಮ್ಮ ಕೆನ್ನೆಗಳನ್ನು ಹೋಲಿಸಿ ನೋಡದಿದ್ದ ಇವರು ಅಂದಿನಿಂದ ಕನ್ನಡಿಯ ಮುಂದೆ ನಿಂತು ಹೋಲಿಸತೊಡಗಿದ್ದಾರೆ. ಯಾರು ಯಾವ ದಿಕ್ಕಿಗೆ ಮುಖ ಮಾಡಿ ಕೂರುತ್ತಾರೆಂಬುದು ಗೊತ್ತಿದ್ದವಳು ಮಾತ್ರ ಹೀಗೆ ಎಡ ಬಲ ಬರೆದು ಕಳಿಸಬಲ್ಲಳು. ಅವಳು ಆ ಡಬ್ಬಿಯೊಳಗೇ ಇದ್ದಾಳೆ.

“ಈಗಲೂ ಅಲ್ಲೇ ಕೂರ್ತೀರಾ?”

“ಅಯ್ಯಯ್ಯೋ, ಡಾಕ್ಟರ್ ರೋಸಿ ಬೇಡ ಅಂದವರೆ ಅಲ್ಲಾ!” ಎಂದಳು ಅಮ್ಮಾಜಮ್ಮ. “ತಿಂಗಳಾಯ್ತು ಸಾಮಿ, ಕ್ರೀಮ್ ವಿಷಯ ಒಬ್ಬರಿಗೊಬ್ಬರು ಹೇಳ್ಕೊಳ್ದೇನೇ ನಾವು ನಾಲ್ವರೂ ಆ ಕಡೆ ಸೈಡಿಗೆ ಬಂದು. ನಾವು ಬಂದ್ವಿ ಅಂತ ಎಲ್ಲಾರೂ ಬಂದ್ರು. ಈಗ ಲೇಡೀಸ್ ಡಬ್ಬೀಲಿ ಸೌತ್ ಕಿಟಕಿ ಅಂದ್ರೆ ಪೇಯಿ ಪಿಶಾಚಿ ಕಂಡಂಗೆ ಓಡ್ತಾರೆ.”

“ಹಾಗಾದ್ರೆ ಆ ಸೀಟುಗಳಲ್ಲಿ ಯಾರೂ ಇಲ್ಲ?”

ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ಯಾರೋ ಒಬ್ಬಳು ಕೂರ್ತಾಳೆ ಅಲ್ವಾ?” ಎಂದಳು ಅಂಬಿಕ. “ಬಂಗಾರಪೇಟೇಲಿ ಹತ್ತೋಳು. ಯಾರು ಅವಳು? ಬಹಳ ದಿನದಿಂದ ಬರ್ತಾಳೆ. ಹೆಸರು… ಏನೋ.”

ಅವಳ ಹೆಸರು ನಾಲ್ವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಅಂದು ಮಧ್ಯಾಹ್ನ ಊಟಕ್ಕೆ ಹೊರಟಾಗ ಶ್ರೀನಿವಾಸಪ್ಪ ಜೀಪಿನ ಮುಂದಿನ ಸೀಟಿನ ಬಳಿ ಬಂದು, ಪಕ್ಕದ ಕನ್ನಡಿಯಲ್ಲಿ ತಮ್ಮ ಎಡಗೆನ್ನೆ ನೋಡಿ, ಆಮೇಲೆ ಬಲಗೆನ್ನೆ ನೋಡಿ, ಹಿಂದಿನ ಸೀಟಿಗೆ ಹೋಗಿ ಕೂತರು.

ಹೆಂಗಸರ ಡಬ್ಬಿಗೆ ಇನ್‌ಸ್ಪೆಕ್ಟರೇ ಆದರೂ ಗಂಡಸು ಹತ್ತುವಂತಿಲ್ಲ. ಸಂಜೆಯ ಮೇಲೆ ಹೆಣ್ಣು ಆರೋಪಿಯನ್ನು ಬಂಧಿಸುವಂತಿಲ್ಲ. ಎರಡನ್ನೂ ಕೂಡಿಸಿ ಶ್ರೀನಿವಾಸಪ್ಪ ಒಂದು ಯೋಜನೆ ಮಾಡಿದರು. ಶುಕ್ರವಾರ ಬೆಳಿಗ್ಗೆ ವನಿತಾ ಹಸಿರು ಸೀರೆಯುಟ್ಟು, ಊಟದ ಡಬ್ಬಿ ಹಿಡಿದು, ಮಾರಿಕುಪ್ಪಂನಲ್ಲಿ ಗಾಡಿ ಹತ್ತಿದಳು. ಶ್ರೀನಿವಾಸಪ್ಪ ಮತ್ತು ಕೆಂಪಣ್ಣ ಮಾಲೂರು ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಕಾದರು.

ಬಂಗಾರಪೇಟೆ ದಾಟಿದ ಮೇಲೆ ವನಿತಾಳ ಫೋನು ಬಂತು. ಪಿಸುದನಿ. ಹಿಂದೆ ಭಜನೆಯೂ ಜಗಳವೂ ಒಟ್ಟಿಗೆ ಕೇಳುತ್ತಿದ್ದವು.

“ಹತ್ತಿದಳು ಸಾರ್. ನಲವತ್ತೈದು, ಐವತ್ತು ವಯಸ್ಸು. ಈ ಕಡೆ ನಿಲ್ಲೋಕೂ ಜಾಗ ಇಲ್ಲ. ಅವಳು ಆ ಕಡೆ ಕಿಟಕೀಲಿ ಮಹಾರಾಣಿ ಥರ ಕಾಲು ನೀಡ್ಕೊಂಡವಳೆ.”

“ಸರಿ. ಆದಿಲಕ್ಷ್ಮಮ್ಮನಿಗೆ ಸನ್ನೆ ಮಾಡು.”

ಆದಿಲಕ್ಷ್ಮಮ್ಮ ಕಿಕ್ಕಿರಿದ ಉತ್ತರದ ಬದಿಯಲ್ಲಿ ಇಬ್ಬರ ನಡುವೆ ಸಿಕ್ಕಿಕೊಂಡು, ಮೊದಲೇ ಹೇಳಿಕೊಟ್ಟಿದ್ದ ಸಾಲನ್ನು ಡಾಕ್ಟರ್ ರೋಸಿಗೆ ಕಳಿಸಿದರು: ‘ಮೇಡಂ, ಇಲ್ಲಿ ಬಹಳ ಸೆಖೆ. ನಾಳೆಯಿಂದ ಕಿಟಕಿ ಪಕ್ಕ ಕೂರಲಾ?’

ದಕ್ಷಿಣದ ಕಿಟಕಿಯಲ್ಲಿದ್ದ ಹೆಂಗಸಿನ ಚೀಲ ಗುಂಯ್ಗುಟ್ಟಿತು. ಆಕೆ ಫೋನು ತೆಗೆದಳು, ಓದಿದಳು, ಬೆಚ್ಚಿಬಿದ್ದವಳಂತೆ ನೆಟ್ಟಗೆ ಕೂತು ಎರಡೂ ಹೆಬ್ಬೆರಳಿನಿಂದ ಒತ್ತತೊಡಗಿದಳು. ಆದಿಲಕ್ಷ್ಮಮ್ಮನ ಫೋನಿಗೆ ಉತ್ತರ ಬಂತು: ‘ಸರ್ವಥಾ ಕೂಡದು. ಒಂದು ತಿಂಗಳ ಶ್ರಮ ಒಂದೇ ದಿನಕ್ಕೆ ಹಾಳು.’

ಇದೆಲ್ಲ ಶ್ರೀನಿವಾಸಪ್ಪನವರಿಗೆ ಫೋನಿನಲ್ಲಿ ವರದಿಯಾಗಿ ಬರುತ್ತಿದ್ದಾಗಲೇ ಗಾಡಿಯ ಸದ್ದು ಕೇಳಿಸಿತು.

ಮಾಲೂರಿನಲ್ಲಿ ವನಿತಾ ಆಕೆಯ ಭುಜದ ಮೇಲೆ ಕೈಯಿಟ್ಟು, ಗುರುತಿನ ಚೀಟಿ ತೋರಿಸಿದಳು. “ಡಾಕ್ಟರ್ ರೋಸಿ, ಇಳೀಬೇಕು.”

ಆಕೆ ಓಡಲಿಲ್ಲ, ಅಳಲಿಲ್ಲ. ಕಿಟಕಿಯ ಸರಳಿನ ಮೇಲಿದ್ದ ಕೈ ಮಾತ್ರ ತೆಗೆಯಲಿಲ್ಲ. “ಮೇಡಂ, ಕೆರೆ ದಾಟಿದ ಮೇಲೆ ಇಳಿದ್ರೆ ಆಗಲ್ವಾ?”

“ಯಾವ ಕೆರೆ?”

“ಮುಂದೆ ಬರುತ್ತೆ. ಹತ್ತು ನಿಮಿಷ.”

“ಮುಂದೆ ಹೋದ್ರೆ ಬೇರೆ ಜಿಲ್ಲೆ ಬರ್ತದೆ. ಎದ್ದೇಳಿ ಅಕ್ಕಾ.”

ಜಪ್ತಿ ಪಂಚನಾಮೆಗೆ ಪಂಚರು ಬೇಕಾಗಿದ್ದರು. ಶ್ರೀನಿವಾಸಪ್ಪ ಪ್ಲಾಟ್‌ಫಾರ್ಮಿನಿಂದ ಡಬ್ಬಿಯ ಕಡೆ ನೋಡಿ, ಯಾರಾದರೂ ಇಬ್ಬರು ಇಳಿಯಿರಿ ಎಂದು ಕೇಳಿಕೊಂಡರು. ಉಸಿರಾಡಲು ಜಾಗವಿಲ್ಲದ ಆ ಡಬ್ಬಿಯಲ್ಲಿ ಒಬ್ಬರೂ ತಮ್ಮ ಸೀಟು ಬಿಟ್ಟು ಏಳಲಿಲ್ಲ. ಪಿರ್ಯಾದುದಾರರೇ ಏಳಲಿಲ್ಲ. ಗಾಡಿ ಹೊರಟಿತು. ಆಗ ಆದಿಲಕ್ಷ್ಮಮ್ಮ ಬಾಗಿಲ ತನಕ ನುಗ್ಗಿಬಂದು ಕೂಗಿದರು:

“ಸಾರ್! ಎರಡನೇ ಡಬ್ಬಿ ಎಲ್ಲಿಟ್ಟವಳೆ ಕೇಳಿ ಸಾರ್!”

ಕಡಲೆಕಾಯಿ ಮಾರುವವನೊಬ್ಬ, ಹಳಿ ಕೆಲಸದವನೊಬ್ಬ ಪಂಚರಾದರು. ಫೋನು ಜಪ್ತಿಯಾಯಿತು. ಆಕೆಯ ಹೆಸರು ಮೀನಾ, ಬಂಗಾರಪೇಟೆಯ ವಾಸಿ, ಬೆಂಗಳೂರಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರದ ಪ್ರಯೋಗಾಲಯದ ಸಹಾಯಕಿ. ಬೆಳಿಗ್ಗೆ ಹನ್ನೊಂದಕ್ಕೆ ಆಕೆಯ ಮನೆಯ ಶೋಧನೆ ನಡೆಯಿತು. ಅಡುಗೆಮನೆಯ ಕಪಾಟಿನಲ್ಲಿ ಪಟಿಕದ ಒಂದು ಗಡ್ಡೆ, ಗೋಂದಿನ ಪೊಟ್ಟಣ, ಗ್ಲಿಸರಿನ್ ಮತ್ತು ಪನ್ನೀರಿನ ಸೀಸೆಗಳು, ಒಂದು ಕುಟ್ಟಾಣಿ ಸಿಕ್ಕಿದವು. ಎರಡನೇ ಕೆನ್ನೆಯ ಡಬ್ಬಿಗಳು ಎಲ್ಲಿಯೂ ಇರಲಿಲ್ಲ. ಅವು ತಯಾರೇ ಆಗಿರಲಿಲ್ಲ.

ಠಾಣೆಯಲ್ಲಿ ವನಿತಾ ಚಹಾ ತರಿಸಿಕೊಟ್ಟಳು. ಶ್ರೀನಿವಾಸಪ್ಪ ಎದುರು ಕೂತರು.

“ಸಿಮ್ಮು ಯಾರದು?”

“ನಮ್ಮ ಸೋದರಮಾವಂದು ಸಾರ್. ಹೋದ ವರ್ಷ ತೀರಿಕೊಂಡ್ರು.”

“ಅಡ್ರೆಸ್ಸುಗಳು?”

“ಇಷ್ಟು ವರ್ಷ ಅವರ ತಲೆ ಹಿಂದೆನೇ ನಿಂತಿದೀನಿ ಸಾರ್. ಅವರ ಮನೆ ನಂಬರು, ಫೋನ್ ನಂಬರು, ಸೊಸೆ ಗುಣ, ಎಲ್ಲಾ ಗೊತ್ತು.”

“ನಾಲ್ವರಿಗೆ ಯಾಕೆ? ಒಬ್ಬರು ಎದ್ದರೆ ನಿಮಗೆ ಸೀಟು ಸಿಗುತ್ತಿತ್ತಲ್ಲ.”

“ಒಬ್ಬರು ಎದ್ದರೆ ಉಳಿದ ಮೂವರು ಅವರ ಕಡೆಯವರಿಗೆ ಕರ್ಚೀಫ್ ಹಾಕ್ತಾರೆ. ಆ ನಾಲ್ವರು ಒಟ್ಟಿಗೆ ಜರುಗಿದ್ರೆ ಮಾತ್ರ ಇಡೀ ಡಬ್ಬಿ ಜರುಗುತ್ತೆ.”

“ಕಿಟಕಿ ಸೀಟಿಗೋಸ್ಕರ ಇಷ್ಟೆಲ್ಲ ಮಾಡಿದ್ರಾ? ಯಾಕಮ್ಮ?”

“ಸಾರ್, ನೀವು ಮಾರಿಕುಪ್ಪಂ ಗಾಡಿಗೆ ಬಂಗಾರಪೇಟೇಲಿ ಯಾವತ್ತಾದ್ರೂ ಹತ್ತಿದೀರಾ?”

“ನನಗೆ ಜೀಪಿದೆ.”

“ಅದಕ್ಕೇ ಕೇಳ್ತಿದೀರ.”

ವನಿತಾ ಕಿಟಕಿಯ ಕಡೆ ತಿರುಗಿಕೊಂಡಳು. ಮೀನಾ ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮಾತಾಡಿದಳು.

“ಮಾಲೂರು ದಾಟಿದ ಮೇಲೆ ಎಡಕ್ಕೆ ಒಂದು ಕೆರೆ ಬರುತ್ತೆ ಸಾರ್. ‘ಕೆರೆ ತುಂಬೈತೆ ನೋಡೇ’ ಅಂತಾರೆ. ‘ಕೊಕ್ಕರೆ ಬಂದವೆ ನೋಡೇ’ ಅಂತಾರೆ. ಹದಿನೇಳು ವರ್ಷದಿಂದ ಕೇಳ್ತಿದೀನಿ. ನಾನು ನೋಡಿದ್ದು ಬರೀ ಅವರ ಬೆನ್ನು.”

“ಒಂದು ದಿನ ಸ್ವಲ್ಪ ಜರುಗಿ ಅಂತ ಕೇಳಬಹುದಾಗಿತ್ತಲ್ಲ?”

“ಕೇಳಿದ್ದೆ. ಮೊದಲನೇ ವರ್ಷ, ಆದಿಲಕ್ಷ್ಮಮ್ಮನವರನ್ನೇ. ‘ಮಾರಿಕುಪ್ಪಂಗೆ ಬಂದು ಹತ್ತು, ಸಿಗ್ತದೆ’ ಅಂದ್ರು. ಎಲ್ಲಾರೂ ನಕ್ಕರು. ಆಮೇಲೆ ನಾನು ಕೇಳಲಿಲ್ಲ.”

ಶ್ರೀನಿವಾಸಪ್ಪ ಪೆನ್ನಿನ ಮುಚ್ಚಳ ಹಾಕಿದರು. ತನಿಖೆಗೆ ಸಂಬಂಧವಿಲ್ಲದ ಒಂದು ಪ್ರಶ್ನೆ ಉಳಿದಿತ್ತು. ಅದನ್ನೂ ಕೇಳಿದರು.

“ಈ ಒಂದು ತಿಂಗಳು ನೋಡಿದ್ರಾ ಕೆರೆ?”

“ದಿನಾ ನೋಡ್ದೆ ಸಾರ್.”

“ಹೇಗಿದೆ?”

ಮೀನಾ ಯೋಚಿಸಿದಳು. “ಚೆನ್ನಾಗಿದೆ. ಅವರು ಹೇಳ್ತಿದ್ದಷ್ಟು ದೊಡ್ಡದೇನಲ್ಲ.”

ಹೇಳಿಕೆಯ ಕೊನೆಯ ವಾಕ್ಯವಾಗಿ ಕೆಂಪಣ್ಣ ಅದನ್ನೂ ಬರೆದುಕೊಂಡ. ಶ್ರೀನಿವಾಸಪ್ಪ ಹೊಡೆದುಹಾಕಿಸಲಿಲ್ಲ. ಮಧ್ಯಾಹ್ನ ಮೂರಕ್ಕೆ ಆರೋಪಿಯನ್ನು ನ್ಯಾಯಾಧೀಶರ ಮುಂದೆ ಹಾಜರುಪಡಿಸಲಾಯಿತು. ಸಂಜೆಗೆ ಜಾಮೀನು ಸಿಕ್ಕಿತು.

ಶನಿವಾರ ಶ್ರೀನಿವಾಸಪ್ಪ ಆದಿಲಕ್ಷ್ಮಮ್ಮನನ್ನು ಕರೆಸಿ ಸಂಗತಿಯನ್ನೆಲ್ಲ ತಿಳಿಸಿದರು. ಕ್ರೀಮು ಬರೀ ಗೋಂದು, ಕೆನ್ನೆಗೆ ಮೋಸ ಮಾಡಿದ್ದು ಬಿಸಿಲು, ಎರಡನೇ ಡಬ್ಬಿ ಎಂಬುದೇ ಇಲ್ಲ. ಹೆಸರು ಮೀನಾ ಎಂದೂ, ಮೊದಲನೇ ವರ್ಷ ಸೀಟು ಕೇಳಿದವಳು ಎಂದೂ ಹೇಳಿದರು. ಆದಿಲಕ್ಷ್ಮಮ್ಮನಿಗೆ ಅದು ನೆನಪಿರಲಿಲ್ಲ. ನೆನಪಿಲ್ಲದಿರುವುದೇ ಅವರನ್ನು ಚುಚ್ಚಿದಂತೆ ಕಂಡಿತು. ಸೆರಗಿನ ತುದಿ ಸುತ್ತುತ್ತ ಕೂತರು.

“ಅಂಗಾದ್ರೆ ಆ ಕಿಟಕಿ ಬಿಸಿಲಿನ ಮಾತು?”

“ಆಕೆ ಹೇಳಿದ್ದರಲ್ಲಿ ಅದೊಂದೇ ನಿಜ. ಡಾಕ್ಟರೂ ಒಪ್ಪಿದರು.”

“ಅಯ್ಯೋ ಶಿವನೇ,” ಎಂದರು ಆದಿಲಕ್ಷ್ಮಮ್ಮ, ಎಡಗೆನ್ನೆಯ ಮೇಲೆ ಕೈಯಿಟ್ಟುಕೊಂಡು.

ಭಾನುವಾರದ ನಿಶ್ಚಿತಾರ್ಥದಲ್ಲಿ ಅವರು ಪೂರ್ತಿ ಮುಖದೊಂದಿಗೆ ನಿಂತು ತಟ್ಟೆ ಬದಲಾಯಿಸಿಕೊಂಡರು. ಫೋಟೊದವನಾದ ರವಿಕಿರಣ್‌ಗೆ ಮಾತ್ರ ಅಂದು ವೇದಿಕೆಯ ಒಂದೇ ಬದಿಯಲ್ಲಿ ನಿಂತು ಕೆಲಸ ಮಾಡಲು ಅನುಮತಿ ಇತ್ತು. ಬೀಗಿತ್ತಿಯ ಯಾವ ಕೆನ್ನೆ ಹೇಗಿದೆ ಎಂದು ಗಮನಿಸಲು ಬೀಗರಿಗೆ ಪುರುಸೊತ್ತಿರಲಿಲ್ಲ, ಹೋಳಿಗೆ ಚೆನ್ನಾಗಿತ್ತು.

ಕೆಲವು ತಿಂಗಳ ಮೇಲೆ ನಾಲ್ವರೂ ಪಿರ್ಯಾದುದಾರರು ನ್ಯಾಯಾಲಯದ ಅನುಮತಿಯೊಂದಿಗೆ ರಾಜಿ ಮಾಡಿಕೊಂಡರು. ನೋಂದಣಿಯ ಹಣ ವಾಪಸಾಯಿತು. ಪ್ರಕರಣ ಮುಕ್ತಾಯವಾಯಿತು. ನಾಲ್ವರಲ್ಲಿ ಯಾರೂ ದಕ್ಷಿಣದ ಕಿಟಕಿಗೆ ಹಿಂತಿರುಗಲಿಲ್ಲ. ಮೀನಾ ಈಗಲೂ ಬಂಗಾರಪೇಟೆಯಲ್ಲಿ ಗಾಡಿ ಹತ್ತುತ್ತಾಳೆ. ಕಿಟಕಿ ಖಾಲಿ ಇರುತ್ತದೆ. ಕೂರುತ್ತಾಳೆ.